ನೀರಿನ ಗ್ರೂಪಿನಲ್ಲಿ ನಾನು ಬೈದದ್ದು

ನನ್ನ ಮೇಕೆಯನ್ನು ಯಾರೂ ಕದ್ದಿರಲಿಲ್ಲ. ಕದ್ದವನು ಇಂಥವನೇ ಎಂದು ಹೆಸರು ಹಿಡಿದು ಹೇಳಿದವಳು ನಾನು. ಆಮೇಲೆ ಯಾರ್ಯಾರೋ ಅದನ್ನು ಊರೂರಿಗೆ ಕಳಿಸಿದರು, ಅವನ ಫೋಟೊ ಅಂಟಿಸಿದರು, ಅದೆಲ್ಲ ನಿಜ. ಆದರೂ ಮೊದಲು ಬಾಯಿ ಬಿಟ್ಟವಳು ನಾನೇ. ಫೋನಿನಿಂದ ಕಾಲ ಕೆಟ್ಟಿತು ಎನ್ನುವವರು ಅಂದುಕೊಳ್ಳಲಿ. ಫೋನು ತಾನಾಗಿ ಮಾತಾಡಲಿಲ್ಲ.

ತಮಿಳು ಸೀಮೆಯ ಕಂಬೈನಲ್ಲೂರಿನ ಸುತ್ತ, ಕನ್ನಡ ಆಡುವ ನಮ್ಮ ಹಳ್ಳಿಗಳಲ್ಲಿ ಕೋಳಿಯೋ ಮೇಕೆಯೋ ಕಾಣೆಯಾದರೆ ಹೆಂಗಸರು ಬೀದಿ ಮಧ್ಯೆ ನಿಂತು ಬೈಯುವುದುಂಟು. ಒಂದು ಹಿಡಿ ಮಣ್ಣು ತೂರಿ, ಕದ್ದವನ ಕೈ ಬಿದ್ದುಹೋಗಲಿ, ತಿಂದವನ ಹೊಟ್ಟೆ ಉರಿಯಲಿ ಎಂದು ಶುರು ಮಾಡಿದರೆ ಗಂಟಲು ಕಟ್ಟುವವರೆಗೂ ನಿಲ್ಲಿಸುವುದಿಲ್ಲ. ನಮ್ಮತ್ತೆ ಇದರಲ್ಲಿ ಗಟ್ಟಿಗಿತ್ತಿ. ಅವಳ ಬಾಯಿಗೆ ಹೆದರಿ, ಕದ್ದ ಹುಂಜವನ್ನು ಹಿತ್ತಲಿಗೆ ತಂದು ಬಿಟ್ಟುಹೋದವರಿದ್ದರು. ಆದರೆ ಅವಳದು ಎರಡು ಕಟ್ಟುಪಾಡು. ಹೆಸರು ಎತ್ತಬಾರದು. ಯಾರ ಬಾಗಿಲ ಕಡೆಗೂ ಮುಖ ಮಾಡಿ ನಿಲ್ಲಬಾರದು.

"ಎಸ್ರು ಎತ್ಬುಟ್ರೆ ನಾಳೆ ಅವರ ಮನೆಗೆ ಮಜ್ಜಿಗೆ ಕೇಳಕ್ಕೆ ಯಾವ ಮುಖ ಒತ್ಕೊಂಡು ಓಗ್ತೀಯ?" ಎನ್ನುತ್ತಿದ್ದಳು.

ನಲವತ್ತು ವರ್ಷ ನಾನೂ ಹಾಗೆಯೇ ಬೈದೆ. ಒಂದು ಹೆಸರೂ ಬಾಯಿಂದ ಬಿದ್ದಿರಲಿಲ್ಲ.

ಈ ಸಲ ಕಾಣೆಯಾದದ್ದು ನನ್ನ ಗಬ್ಬದ ಮೇಕೆ, ಮೈ ಕಪ್ಪು, ಒಂದು ಕಿವಿ ಬಿಳಿ. ಹಿಂದಿನ ದಿನವಷ್ಟೆ ಮೇಕೆ ವ್ಯಾಪಾರಿಯೊಬ್ಬ ಅದರ ಬೆನ್ನು ಒತ್ತಿ ನೋಡಿದ್ದ. ಪಕ್ಕದ ಹಳ್ಳಿಯವನು, ನಮ್ಮ ಮಾತೇ ಆಡುವವನು. ಸಣ್ಣ ವ್ಯಾನಿನಲ್ಲಿ ಮನೆಮನೆಗೆ ಬಂದು ಮೇಕೆ ಕೊಂಡು ಸಂತೆಗೆ ಹೊಡೆಯುತ್ತಾನೆ. ಕೊಡ್ತೀಯಾ ಎಂದ, ಕೊಡಲ್ಲ ಎಂದೆ, ನಗುತ್ತಾ ಹೋದ. ಮರುದಿನ ಸಂಜೆ ಕೆರೆಯ ಕಡೆಯಿಂದ ಎರಡು ಮೇಕೆ ಬಂದವು, ಇದು ಬರಲಿಲ್ಲ. ಆ ನಗೆ ನೆನಪಾಯಿತು. ನನ್ನ ಹತ್ತಿರ ಇದ್ದ ಸಾಕ್ಷಿ ಅದೊಂದೇ, ಒಂದು ನಗೆ.

ಅವತ್ತು ಮಂಡಿ ನೋವು, ಬೀದಿಗೆ ಇಳಿಯಲಿಲ್ಲ. ಜಗಲಿಯಲ್ಲೇ ಕೂತು ಫೋನು ತೆಗೆದುಕೊಂಡೆ. ನಮ್ಮ ಬೀದಿಗೊಂದು ವಾಟ್ಸಾಪ್ ಗ್ರೂಪಿದೆ, ನಲ್ಲಿಗೆ ಎಷ್ಟು ಹೊತ್ತಿಗೆ ನೀರು ಬಿಡುತ್ತಾರೆ ಎಂದು ತಿಳಿಸುವುದಕ್ಕೆ ಮಾಡಿದ್ದು. ನಾನು ಓದಿದ್ದು ತವರಿನಲ್ಲಿ, ಮೂರನೇ ಕ್ಲಾಸು, ಕನ್ನಡ. ಫೋನಿನಲ್ಲಿ ಬರೆಯಲು ಬಾರದು. ಬಟನ್ ಒತ್ತಿ ಹಿಡಿದು ಮಾತಾಡಿದರೆ ಹೋಗುತ್ತದೆ ಎಂದು ಮೊಮ್ಮಗಳು ಕಲಿಸಿಕೊಟ್ಟಿದ್ದಳು. ಒತ್ತಿ ಹಿಡಿದು ಬೈದೆ. ಅವನ ಹೆಸರು, ಅವನ ಊರು, ಅವನ ವ್ಯಾನಿನ ಬಣ್ಣ, ಎಲ್ಲ ಹೇಳಿದೆ. ಬೀದಿಯಲ್ಲಿ ನಿಂತಿದ್ದರೆ ಎದುರಿಗೆ ಯಾರಾದರೂ ಇರುತ್ತಿದ್ದರು, ನಾಲಿಗೆ ಹಿಂದೆ ಸರಿಯುತ್ತಿತ್ತು. ಅಂಗೈಯಲ್ಲಿ ಯಾವ ಮುಖವೂ ಇರಲಿಲ್ಲ.

ನಾಲ್ಕನೇ ದಿನ ಮೇಕೆ ಬಂತು. ಕೆರೆ ಅಂಗಳದಲ್ಲಿ ಮೇಯುತ್ತಿದ್ದ ಕುರಿ ಹಿಂಡಿನ ಜೊತೆ ಅದೂ ಗುಡ್ಡದ ಕಡೆಗೆ ನಡೆದುಬಿಟ್ಟಿತ್ತು. ಕುರಿಯವನ ಹೆಂಡತಿ ಕೇಳಿಕೊಂಡು ಬಂದು ಕಟ್ಟಿಹೋದಳು. ನಾನು ಅವಳಿಗೆ ಕಾಫಿ ಕೊಟ್ಟೆ. ಮೊಮ್ಮಗಳ ಹತ್ತಿರ, "ಅದನ್ನ ಅಳಿಸಿಬುಡು" ಎಂದೆ. ಅವಳು ಅಳಿಸಿದಳು. ಮುಗಿಯಿತು ಎಂದುಕೊಂಡೆ. ಗ್ರೂಪಿನಲ್ಲಿ ಒಂದು ಮಾತೂ ಹೇಳಲಿಲ್ಲ. ಇದು ನನ್ನ ಎರಡನೇ ತಪ್ಪು, ಮೊದಲಿನದಕ್ಕಿಂತ ದೊಡ್ಡದು.

ಅಳಿಸಿದ್ದು ನಮ್ಮ ಫೋನಿನಲ್ಲಿ ಮಾತ್ರ. ಅಷ್ಟು ಹೊತ್ತಿಗೆ ನನ್ನ ಗಂಟಲು ದೂರದ ಶಂಕಗಿರಿಯ ಲಾರಿ ಶೆಡ್ಡಿನವರೆಗೂ ಹೋಗಿತ್ತು, ಕೆಳಗೆ ಅವನ ಫೋಟೊ ಬೇರೆ. ಸಂತೆಯಲ್ಲಿ ಅವನಿಗೆ ಮೇಕೆ ಮಾರುವವರೂ ಇಲ್ಲ, ಅವನಿಂದ ಕೊಳ್ಳುವವರೂ ಇಲ್ಲ. ಅವನು ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟ.

ಸ್ಟೇಷನ್ನಿನಿಂದ ಫೋನು ಬಂದದ್ದು ಮೊಮ್ಮಗಳಿಗೆ. ನನ್ನ ಸಿಮ್ಮು ಅವಳ ಹೆಸರಿನದು, ಅವಳ ಆಧಾರ್ ಕೊಟ್ಟು ತಂದದ್ದು. ಅವಳೋ ಪೊಲೀಸು ಕೆಲಸಕ್ಕೆ ಸೆಲೆಕ್ಟ್ ಆಗಿದ್ದವಳು. ಎರಡು ವರ್ಷ ಬೆಳಗಾದರೆ ಕೆರೆ ಏರಿಯ ಮೇಲೆ ಓಡಿ ಓಡಿ ಪಾಸಾದವಳು. ಇನ್ನು ಉಳಿದಿದ್ದದ್ದು ಇವಳ ಮೇಲೆ ಕೇಸೇನಾದರೂ ಇದೆಯಾ ಎಂದು ವಿಚಾರಿಸುವುದೊಂದೇ. ವಿಚಾರಿಸುವವರು ಅದೇ ಸ್ಟೇಷನ್ನಿನವರು.

"ಅಜ್ಜೀ, ಬೈದಿದ್ದು ನೀನು. ಕಂಪ್ಲೇಂಟು ನನ್ನ ಪೇರಲ್ಲಿ ಐತೆ," ಎಂದಳು. ಅಳಲಿಲ್ಲ, ಕೂಗಲಿಲ್ಲ. ಅವಳು ಕೂಗಿದ್ದರೆ ನನಗೆ ಸುಲಭವಿತ್ತು.

ಸ್ಟೇಷನ್ನಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಒಬ್ಬ ಹೆಂಗಸು. ವ್ಯಾಪಾರಿ ಬೆಂಚಿನ ಮೇಲೆ ಕೂತಿದ್ದ. ಆಕೆ ತಮಿಳಿನಲ್ಲಿ, "ಇದು ಯಾರ್ ನಂಬರ್?" ಎಂದು ಕೇಳಿದಳು. ಮೊಮ್ಮಗಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, "ನಂಬರು ಅವಳದು. ಗಂಟಲು ನಂದು. ಬರ್ಕೊಳ್ಳಿ."

ಆಕೆ ಅದನ್ನು ಹಾಕಿ ಕೇಳಿಸಿದಳು. ಅಷ್ಟು ಜನರ ಮುಂದೆ ನನ್ನ ಬೈಗುಳ ನಾನೇ ಕೇಳಿದೆ. ಮೂಲೆಯಲ್ಲಿ ಕೂತಿದ್ದ ಪೊಲೀಸಿನವನು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕ. ವ್ಯಾಪಾರಿ ನಗಲಿಲ್ಲ.

"ಪಾಟ್ಟೀ," ಎಂದಳು ಹೆಡ್ ಕಾನ್‌ಸ್ಟೇಬಲ್. ಅವರಲ್ಲಿ ಅಜ್ಜಿಯನ್ನು ಹಾಗೆ ಕರೆಯುತ್ತಾರೆ. ಮುಂದಿನದನ್ನು ತಮಿಳಿನಲ್ಲಿ ನಿಧಾನವಾಗಿ ತಿಳಿಸಿದಳು. ಬರೆದರೂ ಒಂದೇ, ಮಾತಾಡಿ ಕಳಿಸಿದರೂ ಒಂದೇ. ಇವನು ಮಾನ ಹೋಯಿತೆಂದು ಕೋರ್ಟಿಗೆ ಹೋಗಬಹುದು, ಜೈಲಿನವರೆಗೂ ಬರಬಹುದು. ಮುಂದಕ್ಕೆ ಕಳಿಸಿದವರು, ಫೋಟೊ ಅಂಟಿಸಿದವರು, ಅವರೂ ಜವಾಬು ಹೇಳಬೇಕು. ಸಿಮ್ಮು ಯಾರ ಹೆಸರಲ್ಲಿದೆಯೋ ಅವರ ಮನೆ ಬಾಗಿಲಿಗೇ ಮೊದಲು ಬರುವುದು. ಕೊನೆಗೆ ಒಂದು ಕೇಳಿದಳು: ಮೇಕೆ ಬಂದ ದಿನವೇ ಯಾಕೆ ಹೇಳಲಿಲ್ಲ?

ನಾಚಿಕೆಯಾಯಿತು, ಅದಕ್ಕೆ ಹೇಳಲಿಲ್ಲ ಎಂದೆ. ನಿಜ ಅದೇ.

ವ್ಯಾಪಾರಿ ಆಗ ಮಾತಾಡಿದ. "ಅಜ್ಜೀ, ನೀನು ಬೀದೀಲಿ ನಿಂತು ಮಣ್ಣು ತೂರಿದ್ರೆ ನಾನು ಈ ಕಡೆ ತಲೆ ಆಕ್ತಿರ್ಲಿಲ್ಲ. ನಮ್ಮವ್ವನೂ ತೂರ್ತಾಳೆ. ನೀನು ಎಸ್ರು ಇಟ್ಟು ಕಳಿಸ್ದೆ. ನನ್ನ ಮಗಳು ಇಸ್ಕೂಲಿಂದ ಬಂದು, ಅಪ್ಪಾ ನೀನು ಆಡು ಕದ್ದಿಯಾ ಅಂತ ಕೇಳ್ತು."

"ಏನು ಮಾಡ್ಲಿ ಯೋಳು."

"ನಂಗೆ ಕೋರ್ಟು ಬ್ಯಾಡ. ನನ್ನ ಎಸ್ರು ಎಲ್ಲಿ ಕಳೀತೋ ಅಲ್ಲಿ ತಂದು ಕೊಡು. ಆಮೇಲೆ ಬಂದು ದೂರು ವಾಪಸ್ ತಗತೀನಿ."

ತಪ್ಪಾಯಿತು, ಇನ್ನು ಹೀಗೆ ಮಾಡುವುದಿಲ್ಲ ಎಂದು ನನ್ನ ಪರವಾಗಿ ಹೆಡ್ ಕಾನ್‌ಸ್ಟೇಬಲ್ ತಮಿಳಿನಲ್ಲಿ ಬರೆದಳು. ಮೊಮ್ಮಗಳು ಓದಿ ಹೇಳಿದ ಮೇಲೆ ನಾನು ಕನ್ನಡದಲ್ಲಿ ಸೈನು ಹಾಕಿದೆ. ಹೊರಗೆ ಬಂದ ಮೇಲೆ ಮೊಮ್ಮಗಳು, "ಗ್ರೂಪಲ್ಲಿ ಒಂದು ವಾಯ್ಸ್ ಆಕ್ಬುಡು, ಪೋದುಂ," ಎಂದಳು, ಅಷ್ಟೇ ಸಾಕು ಎಂಬಂತೆ. ಸಾಲದು ಎಂದೆ. ಮರುದಿನ ಸಂತೆಯಿತ್ತು.

ಬೆಳಿಗ್ಗೆ ಎದ್ದು ಬಿಳಿ ಕಿವಿಯ ಮೇಕೆಯನ್ನು ಹಗ್ಗ ಹಿಡಿದು, ಆಟೋದಲ್ಲಿ ಹಾಕಿಕೊಂಡು ಮೊಮ್ಮಗಳ ಜೊತೆ ಸಂತೆಗೆ ಹೋದೆ. ಅವನ ವ್ಯಾನಿನ ಪಕ್ಕ ನಿಂತೆ. ಮೊಮ್ಮಗಳಿಗೆ ಫೋನು ಹಿಡಿ, ಗ್ರೂಪಿಗೆ ಹಾಕು ಎಂದೆ. ಬೈಯುವಾಗ ಎಷ್ಟು ಜೋರಿತ್ತೋ ಅಷ್ಟೇ ಜೋರಾಗಿ ಕನ್ನಡದಲ್ಲಿ ಒಂದು ಸಲ, ತಮಿಳಿನಲ್ಲಿ ಒಂದು ಸಲ ಹೇಳಿದೆ: ಇವನ ಹೆಸರು ಇದು, ಊರು ಇದು, ಇವನು ನನ್ನ ಮೇಕೆ ಕದಿಯಲಿಲ್ಲ, ಮೇಕೆ ಇಲ್ಲೇ ಇದೆ, ಸುಳ್ಳು ಹೇಳಿದವಳು ನಾನು, ನನ್ನ ಮೊದಲಿನ ಮಾತು ಯಾರ ಫೋನಿನಲ್ಲಿದೆಯೋ ಅವರು ಅಳಿಸಿ, ಯಾರಿಗೆ ಕಳಿಸಿದ್ದಿರೋ ಅವರಿಗೆಲ್ಲ ಇದನ್ನೂ ಕಳಿಸಿ.

ಮೇಕೆ ತಂದಿದ್ದ ಹೆಂಗಸರು ಸುತ್ತ ನಿಂತು ಕೇಳಿದರು. ಒಬ್ಬಳು, "ಮುದುಕಿಗೆ ಗಂಟಲು ಚೆನ್ನಾಗೈತೆ," ಎಂದಳು. ಅವಳೇ ತನ್ನ ಎರಡು ಮರಿಗಳನ್ನು ಅವನ ಕಡೆ ನೂಕಿ ರೇಟು ಕೇಳಿದಳು.

ಅವನು ಅವಳ ವ್ಯಾಪಾರ ಮುಗಿಸಿ ನನ್ನ ಮೇಕೆಯ ಬೆನ್ನು ಒತ್ತಿ ನೋಡಿದ. "ಮಧ್ಯಾಹ್ನ ಸ್ಟೇಷನ್‌ಗೆ ಓಗ್ತೀನಿ ಬುಡು. ಇದನ್ನ ಕೊಡ್ತೀಯಾ?" ಎಂದ.

ಕೊಡಲ್ಲ ಎಂದೆ. ಮೇಕೆ ಹಿಡಿದುಕೊಂಡು ಮನೆಗೆ ಬಂದೆ.