ತಪಾಸಣೆಗೆ ಬಳಿದ ಸುಣ್ಣ

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾವು ಧಾರಾವಿಯ ಅಂಚಿನ ಒಂದು ಚಾಳಿನಲ್ಲಿದ್ದೆವು. ವಿಜಾಪುರದ ಕಡೆಯಿಂದ ಬಂದ ಗೌಂಡಿಗಳೂ ಕೂಲಿಗಳೂ ತುಂಬಿದ್ದ ಚಾಳು ಅದು. ಅಪ್ಪನೂ ಗೌಂಡಿ. ಎದುರಿಗೆ ಸಮುದ್ರದ ನೀರು ಒಳಬರುವ ಖಾಡಿಯವರೆಗೂ ಹಬ್ಬಿದ ಜವುಗು ನೆಲ. ಮಳೆಗಾಲದಲ್ಲಿ ನಮ್ಮ ಗಲ್ಲಿಯ ನೀರೆಲ್ಲ ಅಲ್ಲಿಗೆ ಹರಿದು ಹೋಗುತ್ತಿತ್ತು. ನಾತ, ಸೊಳ್ಳೆ ಎಂದು ಆ ಜವುಗನ್ನು ದಿನವೂ ಬೈಯುತ್ತಿದ್ದೆವು. ನಮ್ಮ ಮನೆ ಒಣಗಿರುವುದು ಅದರಿಂದಲೇ ಎಂದು ಯಾರಿಗೆ ಗೊತ್ತಿತ್ತು?

ಒಬ್ಬ ಬಿಲ್ಡರ್ ಅಲ್ಲಿ ಐದಾರು ಬಿಲ್ಡಿಂಗ್ ಕಟ್ಟಲು ಹೊರಟ. ಅನುಮತಿ ಸಿಗುವ ಮೊದಲೇ ಅರ್ಧ ಜವುಗಿಗೆ ಲಾರಿಗಟ್ಟಲೆ ಕಲ್ಲುಮಣ್ಣು ಸುರಿಸಿಬಿಟ್ಟ. ಕೇಳುವವರು ಯಾರು! ಆ ಮಳೆಗಾಲ ನೀರು ಹೋಗಲು ದಾರಿಯಿಲ್ಲದೆ ನಮ್ಮ ಒಂದೇ ಕೋಣೆಯ ಖೋಲಿಗೆ ನುಗ್ಗಿತು. ಮಂಚ ಮುಳುಗಿತು, ಜೋಳದ ಚೀಲ ಕೊಳೆತುಹೋಯಿತು. ನೀರು ಇಳಿದ ಮೇಲೆ ಗೋಡೆಯಲ್ಲಿ ನನ್ನ ಎದೆಮಟ್ಟಕ್ಕೆ ಒಂದು ಕಂದು ಗೆರೆ ಉಳಿಯಿತು. ಪ್ರತಿ ಖೋಲಿಯಲ್ಲೂ ಅದೇ ಗೆರೆ.

ಉಳಿದರ್ಧವನ್ನೂ ತುಂಬಿದರೆ ಆ ಚಾಳಿನಲ್ಲಿ ಬದುಕುವ ಹಾಗಿರಲಿಲ್ಲ. ಅಪ್ಪ ಇನ್ನೂ ಕೆಲವರ ಜೊತೆ ಕೂಲಿ ಬಿಟ್ಟು ಮುನ್ಸಿಪಾಲಿಟಿ ಆಫೀಸಿಗೆ ಅಲೆದೇ ಅಲೆದ. ಕೊನೆಗೆ ಬೇಸಿಗೆಯಲ್ಲಿ ಸುದ್ದಿ ಬಂತು. ಅನುಮತಿ ಕೊಡುವ ಮೊದಲು ಸಾಹೇಬರೇ ಬಂದು ಜವುಗನ್ನೂ ನೀರಿನ ದಾರಿಯನ್ನೂ ನಮ್ಮ ಮನೆಗಳನ್ನೂ ಕಣ್ಣಾರೆ ನೋಡುತ್ತಾರಂತೆ.

ಸಾಹೇಬರು ಬರುತ್ತಾರೆಂದರೆ ಸುಮ್ಮನೆಯೇ? ಹಿಂದಿನ ದಿನ ಅವ್ವ ಸೆರಗು ಸಿಕ್ಕಿಸಿ ಸುಣ್ಣ ಕಲಸಲು ಕೂತಳು.

“ಗ್ವಾಡಿ ನೋಡಿದ್ರ ಏನಂದಾರು? ಹೊಲಸಿನಾಗ ಬಿದ್ದಿರೋ ಮಂದಿ ಅಂದಾರು. ಮರ್ಯಾದಿ ಐತೋ ಇಲ್ಲೋ ನಮಗ?”

ಅವಳನ್ನು ನೋಡಿ ಪಕ್ಕದ ಖೋಲಿಯವರು, ಅವರನ್ನು ನೋಡಿ ಅದರಾಚೆಯವರು. ಸಂಜೆಯೊಳಗೆ ಇಡೀ ಚಾಳು ಬೆಳ್ಳಗಾಯಿತು. ಅಪ್ಪನೂ ಕೆಲಸದಿಂದ ಬಂದವನೇ, “ಭೇಷ್, ಮದಿವಿ ಮನಿ ಆದಂಗಾತು,” ಎಂದ. ನಾವೆಲ್ಲ ನಕ್ಕೆವು.

ಸಾಹೇಬರು ಬಂದರು. ಬೂಟಿಗೆ ಕೆಸರು ಹತ್ತೀತೆಂದು ಜವುಗಿನ ಕಡೆ ಕಾಲಿಡಲೇ ಇಲ್ಲ, ನೇರ ನಮ್ಮ ಖೋಲಿಗೆ ಬಂದರು. ಅವ್ವ ಚಾಪೆ ಹಾಸಿ ಚುರುಮುರಿ ಸೂಸಲಾ, ಚಹಾ ಕೊಟ್ಟಳು. ಎರಡನೇ ಸಲವೂ ಹಾಕಿಸಿಕೊಂಡರು ಮಹಾನುಭಾವರು. ಕೈ ತೊಳೆದಾದ ಮೇಲೆ, ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಹಿಂದಿಯಲ್ಲಿ ಕೇಳಿದರು. ಅಪ್ಪ ಉತ್ಸಾಹದಿಂದ ಎದ್ದು ಗೋಡೆಯತ್ತ ಕೈ ಚಾಚಿದ. ಚಾಚಿದ ಕೈ ಹಾಗೇ ನಿಂತಿತು. ಅಲ್ಲಿ ಏನೂ ಇರಲಿಲ್ಲ.

“ಸಾಬ್, ಯಹಾಂ ತಕ್,” ಎಂದು ತನ್ನ ಸೊಂಟ ಮುಟ್ಟಿ ತೋರಿಸಿದ.

ಸಾಹೇಬರು ಗೋಡೆ ನೋಡಿದರು, ಅಪ್ಪನ ಸೊಂಟ ನೋಡಿದರು, ನಕ್ಕರು. “ಬಹುತ್ ಸಾಫ್ ಘರ್ ಹೈ,” ಎಂದು ಅವ್ವನಿಗೆ ಕೈ ಮುಗಿದು ಹೊರಟರು. ಮನೆ ಬಹಳ ಚೊಕ್ಕಟವೆಂದು ಹೊಗಳಿದರೆಂದು ಅವ್ವನ ಮುಖ ಅರಳಿತ್ತು.

ಬಿಲ್ಡರನಿಗೆ ಅನುಮತಿ ಸಿಕ್ಕಿತು. ಅಕ್ಕಪಕ್ಕದ ಮನೆಗಳಲ್ಲಿ ನೀರು ನಿಂತ ಗುರುತೇ ಇಲ್ಲ ಎಂದು ಸಾಹೇಬರು ಹೇಳಿದರಂತೆ. ಚಾಳಿನವರೆಲ್ಲ ಅವ್ವನ ಮೇಲೆ ಮುಗಿಬಿದ್ದರು. ಆಹಾ, ಅವರು ತಮ್ಮ ಗೋಡೆಗೆ ಹಚ್ಚಿದ್ದು ಸುಣ್ಣವಲ್ಲದೆ ಹಾಲೇನು? ನನಗೆ ಇವತ್ತಿಗೂ ಮೈ ಉರಿಯುತ್ತದೆ, ಅವ್ವನ ಮೇಲಲ್ಲ, ಆ ಮನುಷ್ಯನ ಮೇಲೆ. ಕಣ್ಣೆದುರಿಗಿದ್ದ ಜವುಗೇ ಕಾಣದವನು ಗೋಡೆಯ ಗೆರೆ ಕಂಡಿದ್ದರೆ ಒಲೆಯ ಹೊಗೆ ಎನ್ನುತ್ತಿದ್ದ. ಎಷ್ಟು ಹೇಳಿದರೂ ಅವ್ವ ಇದನ್ನು ನಂಬಲಿಲ್ಲ. ತನ್ನಿಂದಲೇ ಎಲ್ಲರ ಮನೆ ಹಾಳಾಯಿತೆಂದು ಅವಳ ಎದೆಯೊಳಗೆ ಕೂತುಬಿಟ್ಟಿತ್ತು.

ಮುಂದಿನ ಮಳೆಯ ಹೊತ್ತಿಗೆ ಜವುಗು ಪೂರ್ತಿ ಮುಚ್ಚಿತ್ತು. ಈ ಸಲ ನೀರು ಅಪ್ಪನ ಎದೆಗೆ ಬಂತು. ಕೆಲವರು ಗಂಟುಮೂಟೆ ಕಟ್ಟಿದರು. ನಮಗೆ ಹೋಗಲು ಬೇರೆ ಜಾಗವಿರಲಿಲ್ಲ. ಅಪ್ಪ ಮತ್ತೆ ಆಫೀಸಿಗೆ ಹೋದ. ಇನ್ನೊಮ್ಮೆ ಬಂದು ನೋಡುತ್ತೇವೆ, ಹೋಗು ಎಂದರು.

ಅಂದಿನಿಂದ ಅವ್ವ ಕಸಬರಿಗೆ ಮುಟ್ಟಲಿಲ್ಲ. ಜ್ವರ ಬಂದರೂ ಹೊಸ್ತಿಲು ಸಾರಿಸದೆ ನೀರು ಕುಡಿಯದವಳು! ನೆಲದ ಮೇಲಿನ ರಾಡಿ ಒಣಗಿ ಬಿರಿಯಿತು, ಗೋಡೆಗೆ ಬೂಸರು ಹತ್ತಿತು. ಅದರ ನಡುವೆಯೇ ಉಂಡೆವು, ಮಲಗಿದೆವು. ದಸರಾ ಕಳೆಯಿತು. ಯಾರೂ ಬರಲಿಲ್ಲ. ದೀಪಾವಳಿಯ ಬೆಳಿಗ್ಗೆ ತಡೆಯಲಾರದೆ ನಾನೇ ಗುಡಿಸಲು ಹೋದೆ. ಅವ್ವ ಓಡಿಬಂದು ಕಸಬರಿಗೆ ಕಸಿದುಕೊಂಡಳು.

“ಮುಟ್ಟಬ್ಯಾಡವ್ವ. ಸಾಹೇಬ್ರು ಇನ್ನಾ ನೋಡಿಲ್ಲ.”