ಮುಳುಗಡೆಯಮ್ಮ ಬರೆದ ಊರು

ಮೊನ್ನೆ ಮೊಮ್ಮಗಳು ಬಾಣಲೆಯಲ್ಲಿ ಕೆಮ್ಮಣ್ಣು ಕಲಸಿ, ಪಕ್ಕದಲ್ಲೇ ಅಕ್ಕಿ ಅರೆದಿಟ್ಟಿದ್ದಳು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ನನ್ನ ಎದೆ ಧಸಕ್ಕೆಂದಿತು. ಇಷ್ಟು ವಯಸ್ಸಾದರೂ ಆ ಹೆದರಿಕೆ ಹೋಗಿಲ್ಲ.

ಮೊಮ್ಮಗಳು ಚಿತ್ರ ಕಲಿಯುವ ಕಾಲೇಜಿನಲ್ಲಿದ್ದಾಳೆ. ಊರು ಬಿಟ್ಟು ಬಂದವರ ಬಗ್ಗೆ ಒಂದು ದೊಡ್ಡ ಚಿತ್ರ ಬರೆಯಲು ಇವಳನ್ನೇ ಆರಿಸಿದ್ದಾರಂತೆ. ಕೊಪ್ಪದಲ್ಲಿ ಎಲ್ಲರೂ ನೋಡುವ ಹಾಗೆ ಇಡುತ್ತಾರಂತೆ. ನನಗೆ ಖುಷಿ ಹೊಟ್ಟೆಯೊಳಗೆ ನಿಲ್ಲುವುದಿಲ್ಲ. ಹಾಲಿನ ಡೈರಿಯಲ್ಲಿ, ಬಸ್ಸಿನಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಬಂದಿದ್ದೇನೆ. ಆದರೆ ಅವಳು ಕುಂಚ ನನ್ನ ಕೈಗೆ ಕೊಟ್ಟು, "ಅಜ್ಜಿ, ಮುಳುಗಡೆಯಮ್ಮ ಮದುವೆ ಗೋಡೆಗೆ ಹಸೆ ಚಿತ್ರ ಬರೀತಿದ್ರು ಅಂತಿದ್ದೆಯಲ್ಲ, ಅವರ ಊರನ್ನ ನೀನೇ ಬರಿ" ಎಂದಾಗ ಕುಂಚ ಕೆಳಗಿಟ್ಟುಬಿಟ್ಟೆ.

ನಾನಾಗ ಏಳೆಂಟು ವರ್ಷದವಳು. ನಮ್ಮದು ಶೆಟ್ಟಿಕೊಪ್ಪದ ಹತ್ತಿರದ ಮನೆ. ಭದ್ರಾ ಹೊಳೆಗೆ ಅಣೆಕಟ್ಟು ಕಟ್ಟಿ ಊರುಗಳು ಮುಳುಗಿದಾಗ, ಅಲ್ಲಿಂದ ಎದ್ದು ಬಂದವರೊಬ್ಬರು ನಮ್ಮ ಪಕ್ಕದಲ್ಲಿ ಹುಲ್ಲಿನ ಮನೆ ಕಟ್ಟಿಕೊಂಡರು. ಅವರನ್ನು ಎಲ್ಲರೂ ಮುಳುಗಡೆಯಮ್ಮ ಎನ್ನುತ್ತಿದ್ದರು. ದೊಡ್ಡವರ ಬಾಯಲ್ಲಿ ಅದು ಮುಳುಗಡೆ ಜಾಗದಿಂದ ಬಂದವರು ಅಂತಷ್ಟೇ. ನನಗೆ ಹಾಗೆ ಕೇಳಿಸಲಿಲ್ಲ. ಇವರು ನೀರಿನಲ್ಲಿ ಮುಳುಗಿ ಸತ್ತು, ಮತ್ತೆ ಎದ್ದು ಬಂದಿದ್ದಾರೆ ಎಂದುಕೊಂಡೆ. ಅವರ ಸೀರೆಯ ಅಂಚು ಯಾವಾಗ ನೋಡಿದರೂ ಒದ್ದೆ. ಗದ್ದೆ ಕೆಲಸ ಮಾಡಿ ಬಂದವರ ಸೀರೆ ಇನ್ನು ಹೇಗಿರುತ್ತದೆ... ಅದು ನನಗೆ ಹೊಳೆಯಲಿಲ್ಲ. ಅಮ್ಮ ಕಾಫಿ ಕೊಟ್ಟು ಬಾ ಎಂದು ಕಳಿಸಿದರೆ, ಲೋಟವನ್ನು ಅವರ ಜಗಲಿಯ ಮೇಲಿಟ್ಟು ಓಡಿಬಿಡುತ್ತಿದ್ದೆ.

"ಎಂತ ಮಾರಾಯ್ತಿ, ನಿನ್ನ ಕೂಸು ನನ್ನ ಕಂಡ್ರೆ ಹುಲಿ ಕಂಡಂಗೆ ಓಡ್ತದಲ್ಲ" ಎಂದು ಅಮ್ಮನ ಹತ್ತಿರ ಹೇಳಿ ನಗುತ್ತಿದ್ದರು.

ನಮ್ಮಕ್ಕನ ಮದುವೆಗೆ ಹಸೆ ಬರೆಯಲು ಅಮ್ಮ ಅವರನ್ನೇ ಕರೆದಳು. ಮದುಮಕ್ಕಳನ್ನು ಕೂರಿಸುವ ಗೋಡೆಗೆ ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚವನ್ನು ಅಕ್ಕಿ ಹಿಟ್ಟಿನಲ್ಲಿ ಅದ್ದಿ ಅದ್ದಿ ಬಿಳಿ ಗೆರೆ ಎಳೆದರು. ಅಳತೆಗೆ ಕಡ್ಡಿಯಿಲ್ಲ, ದಾರವಿಲ್ಲ. ಒಂದು ಗೆರೆಯೂ ಸೊಟ್ಟಗಾಗಲಿಲ್ಲ. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಎಲ್ಲ ಮುಗಿದ ಮೇಲೆ, ಕೆಳಗಿನ ಮೂಲೆಯಲ್ಲಿ ಸಣ್ಣದಾಗಿ ಏಳು ಮನೆ, ಒಂದು ಬಾವಿ, ಹಲಸಿನ ಮರ, ಹೊಳೆಗೆ ಇಳಿಯುವ ಮೆಟ್ಟಿಲು ಬರೆದರು. ಹಸೆಯಲ್ಲಿ ಅಂಥದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ. ತಡೆಯದೆ "ಇದೆಂತದು?" ಎಂದೆ. ಅವರ ಹತ್ತಿರ ನಾನಾಡಿದ ಮೊದಲ ಮಾತು ಅದು.

"ನಮ್ಮೂರು ಕೂಸೇ. ಇದು ನಮ್ಮನೆ, ಇದು ಬಾವಿ. ಈಗ ಎಲ್ಲದ್ರ ಮೇಲೂ ನೀರು."

ಇಷ್ಟು ಹೇಳಿ ಅವರು ಊಟಕ್ಕೆ ಎದ್ದರು. ಇವರ ಊರು ನಮ್ಮ ಗೋಡೆಯ ಮೇಲಿದೆ ಎಂದು ನೀರಿಗೆ ಗೊತ್ತಾದರೆ ಇಲ್ಲಿಗೂ ಬರುತ್ತದಲ್ಲ. ಅಕ್ಕ ಮಣೆಯ ಮೇಲೆ ಕೂತಿರುವಾಗಲೇ ಬಂದುಬಿಟ್ಟರೆ... ಬಚ್ಚಲಿಗೆ ಓಡಿ ಬಟ್ಟೆ ಅದ್ದಿ ತಂದೆ. ಒಂದೊಂದೇ ಮನೆ ಒರೆಸಿದೆ. ಬಾವಿ ಒರೆಸಿದೆ, ಮರ ಒರೆಸಿದೆ. ಕೆಂಪು ನೀರು ಗೋಡೆಯಿಂದ ಇಳಿದು ನೆಲಕ್ಕೆ ಹರಿಯಿತು. ತಿರುಗಿದರೆ ಬಾಗಿಲಲ್ಲಿ ಅವರು ನಿಂತಿದ್ದರು.

ಬೈಯಲಿಲ್ಲ. ನನ್ನನ್ನು ನೋಡಲೂ ಇಲ್ಲ. ಗೋಡೆಯನ್ನೇ ನೋಡುತ್ತ, "ಇಲ್ಲಿಗೂ ಬಂತಾ ನೀರು" ಎಂದರು. ತಮಗೆ ತಾವೇ ಹೇಳಿಕೊಂಡ ಹಾಗೆ.

ಅಮ್ಮ ಓಡಿ ಬಂದಾಗ, "ನಂದೇ ಕೈ ತಾಗಿ ಚೊಂಬು ಉರುಳ್ತು ಮಾರಾಯ್ತಿ" ಎಂದರು. ಆ ಮೂಲೆಗೆ ಮತ್ತೆ ಕೆಮ್ಮಣ್ಣು ಬಳಿದರು. ಊರನ್ನು ಮಾತ್ರ ತಿರುಗಿ ಬರೆಯಲಿಲ್ಲ. ಆಮೇಲೆ ಯಾರ ಮನೆಯ ಗೋಡೆಯ ಮೇಲೂ ಬರೆಯಲಿಲ್ಲ.

ಅಲ್ಲಿಯವರೆಗೆ ಅವರನ್ನು ಕಂಡು ಹೆದರುತ್ತಿದ್ದೆ. ಆಮೇಲೆ ಅವರು ಹೇಳಿಬಿಟ್ಟರೆ ಎಂದು ಹೆದರಿದೆ. ಅವರು ಹೇಳಲೇ ಇಲ್ಲ. ಮುಳುಗಡೆ ಎಂದರೇನೆಂದು ನನಗೆ ಸರಿಯಾಗಿ ತಿಳಿಯುವ ಹೊತ್ತಿಗೆ ಅವರು ಮಗಳ ಮನೆಗೆ ಹೋಗಿ, ಅಲ್ಲೇ ತೀರಿಕೊಂಡಿದ್ದರು. ನನ್ನ ಮದುವೆಯ ಹಸೆ ಬೇರೆ ಯಾರೋ ಬರೆದರು.

ಆ ಊರನ್ನು ಒರೆಸಿದ್ದನ್ನು ಯಾರಿಗೂ ಹೇಳಿರಲಿಲ್ಲ. ಮೊನ್ನೆ ಮೊಮ್ಮಗಳಿಗೆ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡರೆ ನನ್ನ ಭುಜಕ್ಕೆ ಆತುಕೊಂಡು, "ಗೋಡೆ ಮೇಲಿನ ಆ ಊರು ನೋಡಿದವಳು ಈಗ ನೀನೊಬ್ಬಳೇ ಅಜ್ಜಿ" ಎಂದಳು.

ಬರೆದೆ. ಗೆರೆಗಳೆಲ್ಲ ಸೊಟ್ಟಗಾದವು. ಬಾವಿ ಬಂತು, ಹಲಸಿನ ಮರ ಬಂತು, ಮೆಟ್ಟಿಲು ಬಂತು. ಒರೆಸುವಾಗ ಕಣ್ಣು ನೆಟ್ಟು ನೋಡಿದ್ದೆನಲ್ಲ, ಹಾಗೇ ಉಳಿದಿತ್ತು. ಮೊಮ್ಮಗಳು ಕುಣಿದಾಡಿಬಿಟ್ಟಳು. ನನಗೂ ಕಣ್ಣು ತುಂಬಿ ನಗು ಬಂತು. ಅಷ್ಟರಲ್ಲಿ ಅವಳು ಎಣಿಸಿದಳು.

"ಏಳು ಮನೆ ಅಂದಿದ್ದೆ. ಆರೇ ಇದೆ ಅಜ್ಜಿ."

ಅವರು ಬೆರಳಿಟ್ಟು ನಮ್ಮನೆ ಎಂದು ತೋರಿಸಿದ್ದು ಬಾವಿಯ ಈಚೆಗಿತ್ತೋ, ಆಚೆಗಿತ್ತೋ... ಎಷ್ಟು ನೆನೆದರೂ ಬರಲಿಲ್ಲ. ಹೆದರಿಕೆಯಲ್ಲಿ, ಸರಿಯಾಗಿ ನೋಡದೆ, ನಾನು ಮೊದಲು ಒರೆಸಿದ್ದು ಅದನ್ನೇ.