ಇಪ್ಪತ್ತನೇ ಅಂತಸ್ತಿಗೆ ಹೋದ ಬೀರಪ್ಪನ ಕುರಿಗಳು

‘ನಗರದ ಬೆಳವಣಿಗೆಗೆ ಜನಪದ ಕವಿಗಳ ಪ್ರತಿಕ್ರಿಯೆ’ ಎಂಬ ಘನವಾದ ವಿಷಯದ ಮೇಲೆ ನಮ್ಮ ಓಣಿಯ ವಾಚನಾಲಯದಲ್ಲಿ ಮಾತಾಡಲು ಒಪ್ಪಿಕೊಂಡ ತಪ್ಪಿಗೆ, ಅಂಥ ಕವಿಯೊಬ್ಬನನ್ನು ಕಾಣಲು ರಾಯಚೂರಿನಲ್ಲಿ ಬೆಳಿಗ್ಗೆಯೇ ಮಕ್ತಲ್ ಬಸ್ಸು ಹತ್ತಿದೆ. ಕೃಷ್ಣೆಯ ಹತ್ತಿರ ವಿದ್ಯುತ್ ಸ್ಥಾವರದ ಚಿಮಣಿಗಳು ಕಂಡವು. ವಿಷಯವೇ ಎದುರುಗೊಳ್ಳಲು ಬಂದಿದೆ ಎಂದುಕೊಂಡು ಗೌರವದಿಂದ ಕೈಮುಗಿದೆ. ಪಕ್ಕದವರು ಸ್ವಲ್ಪ ಸರಿದು ಕುಳಿತರು.

ಮಕ್ತಲ್‌ನಲ್ಲಿ ಮಿರ್ಚಿ ತಿಂದು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಆ ಕವಿ ಮಲ್ಲಪ್ಪ ಬೈಕು ತಂದ. ಕೊತ್ತಪಲ್ಲಿ ಕಡೆಯ ಕುರುಬರವನು. ಹೈದರಾಬಾದಿನಲ್ಲಿ ಸ್ಲ್ಯಾಬ್ ಹಾಕುವ ಕೆಲಸ, ಊರಿಗೆ ಬಂದಾಗ ಕುರುಬರ ದೇವರು ಬೀರಪ್ಪನ ಪದ ಕಟ್ಟುವುದು.

“ಇವತ್ತ ನನ್ನ ಹೊಸ ಪದ ಪಾಸಾಗಬೇಕ್ರಿ. ಇಲ್ಲಂದ್ರ ಗುಡಿಯಾಗ ಹಾಡಾಕ ಬಿಡಂಗಿಲ್ಲ,” ಎಂದ. ಅವರಲ್ಲಿ ಹೊಸ ಪದಕ್ಕೆ ಹಿರಿಯನೇ ಡೊಳ್ಳು ಬಾರಿಸಬೇಕು. ಅವನು ನಡುವೆ ಕೈ ನಿಲ್ಲಿಸಿದರೆ ಪದ ಅಲ್ಲಿಗೇ ಮುಗಿಯಿತು. ವಿಮರ್ಶೆಯ ಇಷ್ಟು ಚುರುಕಾದ ಪದ್ಧತಿ ನಮ್ಮ ವಾಚನಾಲಯದಲ್ಲಿಲ್ಲ.

ಅವನೂರಿನ ಬೇವಿನ ನೆರಳಲ್ಲಿ ಗುಡಿ. ಡೊಳ್ಳಿನ ಮುಂದೆ ಹಿರಿಯ ಸಾಬಣ್ಣ. ಅವನು ಹಿಂದೆ ಕುರಿ ಮೇಯಿಸಿ ತರುಬುತ್ತಿದ್ದ ಹೈದರಾಬಾದಿನ ಹೊರಬಯಲಿನಲ್ಲಿ ಈಗ ಕಟ್ಟಡ ಏಳುತ್ತಿದೆ. ಮಲ್ಲಪ್ಪನ ಪದದಲ್ಲಿ ಬೀರಪ್ಪನ ಹಿಂಡು ಆ ಬಯಲನ್ನು ಹುಡುಕಿಕೊಂಡು ಹೋಗಿ, ಕೆಳಗೆ ಹುಲ್ಲು ಸಿಗದೆ ಸಾಮಾನು ಏರಿಸುವ ಲಿಫ್ಟು ಹತ್ತಿತು. ಜನ ನಕ್ಕರು. ಇಪ್ಪತ್ತನೇ ಅಂತಸ್ತಿನಲ್ಲಿ ಡೊಳ್ಳು ನಿಂತಿತು.

“ಹಿಂಡು ಅಲ್ಲೇ ನಿಂದ್ರಿಸಿದೇನು?” ಸಾಬಣ್ಣ ಕೇಳಿದ.

“ಹೌದು, ಮಾವ.”

“ನೀರೆಲ್ಲೈತಿ?”

ಬೀರಪ್ಪನ ಪದದಲ್ಲಿ ಹಿಂಡು ಎಲ್ಲಿ ತಂಗಿದರೂ ನೀರು ಕುಡಿಸಲೇಬೇಕು, ಅದನ್ನೇ ಮಲ್ಲಪ್ಪ ಮರೆತಿದ್ದ. “ಟ್ಯಾಂಕು ಇರಬಹುದು,” ಎಂದು ನಾನು ವಿದ್ವತ್ತು ಮೆರೆದೆ.

“ಕಟ್ಟೋದ ಮುಗದಿಲ್ಲ, ಟ್ಯಾಂಕ್ ಎಲ್ಲಿಂದ ಬರ್ತೈತ್ರಿ? ನೀವು ಆರಾಮ್ ಕೂಡ್ರಿ, ಸಾರ್,” ಎಂದ ಸಾಬಣ್ಣ.

ಕೂತೆ. ಮಲ್ಲಪ್ಪ ಕಣ್ಣು ಮುಚ್ಚಿ, ಡೊಳ್ಳಿಲ್ಲದೆಯೇ ಹಾಡಿದ: ಹಸಿ ಸ್ಲ್ಯಾಬಿನ ಸುತ್ತ ಬದು ಕಟ್ಟಿ, ಸಿಮೆಂಟು ಬಿಗಿಯಲೆಂದು ನೀರು ನಿಲ್ಲಿಸಿದ್ದರು, ಕುರಿಗಳು ಬಾಗಿ ಕುಡಿದವು.

“ಸಿಮಿಟ್ ನೀರು ಕುಡದ್ರ ಕುರಿ ಸಾಯ್ತಾವಲೇ,” ಎಂದ ಸಾಬಣ್ಣ.

“ಬ್ಯಾಸಿಗ್ಯಾಗ ನಾವು ಅದನ್ನ ಕುಡದೀವಿ, ಮಾವ. ಸತ್ತಿಲ್ಲ.”

ಯಾರೂ ನಗಲಿಲ್ಲ. ಸಾಬಣ್ಣ ಅಂಗೈಯನ್ನು ಧೋತರಕ್ಕೆ ನಿಧಾನವಾಗಿ ಒರೆಸಿಕೊಂಡ.

“ಹಂಗಂದ್ರ ಅದನ್ನೂ ಹಾಡು,” ಎಂದು ಡೊಳ್ಳಿಗೆ ಕೈ ಹಾಕಿದ.

ಮಕ್ತಲ್‌ಗೆ ಹೊರಟಿದ್ದ ಆಟೊ ಕಾಯುತ್ತಿತ್ತು. ಹತ್ತಿ ಕುಳಿತು ಹಿಂದಿರುಗಿ ನೋಡಿದೆ. ಡೊಳ್ಳು ನಡೆದೇ ಇತ್ತು. ಕುರಿಗಳು ಇನ್ನೂ ಕೆಳಗಿಳಿದಿರಲಿಲ್ಲ.